ಡೆಕ್ಕಿನ ಕೆಳಗಿನ ಗರಿಕೆ

ಗಣಪತಿ ಪೂಜೆಗೆ 21 ಎಳೆ ಗರಿಕೆ ಸಿಕ್ಕರೆ ಸಾಕು ಎಂದು ಹಬ್ಬದ ಹಿಂದಿನ ದಿನ ಬಯಲು, ಉದ್ಯಾನ ಎಲ್ಲಾ ಸುತ್ತುವವರು ನಾವು. ಸುತ್ತಲಾರದವರು ಮಾರುಕಟ್ಟೆಯಲ್ಲಿ ಕಟ್ಟು ಕೊಳ್ಳುತ್ತಾರೆ. ಅದೇ ಗರಿಕೆಯನ್ನು ತೊಲಗಿಸುವುದು ಹೇಗೆ ಎಂದು ಒಂದು ಮನೆಯವರೆಲ್ಲ ಕೂತು ಎರಡು ವಾರ ಚರ್ಚೆ ಮಾಡಿದ್ದನ್ನು ಈ ಸಲದ ಬೇಸಿಗೆಯಲ್ಲಿ ಕಂಡೆ. ಮನೆ ನನ್ನ ಮಗನದು. ಊರು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ನಗರದ ಹೊರವಲಯದಲ್ಲಿದೆ. ಗರಿಕೆ ಬೆಳೆದಿದ್ದು ಡೆಕ್ಕಿನ ಕೆಳಗೆ.

ಡೆಕ್ಕು ಎಂದರೇನು ಎಂದು ಪುಟಾಣಿ ಓದುಗರು ಕೇಳಬಹುದು. ನಮ್ಮ ಹಳೆಯ ಮನೆಗಳ ಮುಂದೆ ಜಗಲಿ ಇರುತ್ತಿತ್ತಲ್ಲ, ಅದನ್ನು ಮನೆಯ ಹಿಂದಕ್ಕೆ ಒಯ್ದು, ಕಲ್ಲು ಮಣ್ಣಿನ ಬದಲು ಮರದ ಕಂಬಗಳ ಮೇಲೆ ಹಲಗೆ ಹಾಸಿ ಕಟ್ಟಿದರೆ ಡೆಕ್ಕು. ಮೇಲೆ ನಾಲ್ಕು ಕುರ್ಚಿ, ಒಂದು ಮೇಜು, ಭಾನುವಾರ ಕಾಫಿ. ಮಳೆ ನೀರು ನಿಲ್ಲದಿರಲಿ ಎಂದು ಹಲಗೆ ಹಲಗೆಯ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಆ ಸಂದಿನಿಂದ ನೀರು ಇಳಿಯುತ್ತದೆ, ಚೂರುಪಾರು ಬಿಸಿಲೂ ಇಳಿಯುತ್ತದೆ. ಹುಲ್ಲಿಗೆ ಇನ್ನೇನು ಬೇಕು! ಮಗನ ಮನೆಯ ಡೆಕ್ಕು 16 ಅಡಿ ಉದ್ದ, 12 ಅಡಿ ಅಗಲ. ನೆಲ ಇಳಿಜಾರಾದ್ದರಿಂದ ಗೋಡೆಯ ಕಡೆ ಮೂರು ಅಡಿ ಎತ್ತರ, ಹೊರಗಡೆ ನಾಲ್ಕೂವರೆ. ದೊಡ್ಡವರು ಬಗ್ಗಿ ಹೋಗಬೇಕು. ಎಂಟು ವರ್ಷದ ಮೊಮ್ಮಗನಿಗೆ ಅದು ನೆಟ್ಟಗೆ ನಿಲ್ಲುವಷ್ಟು ಎತ್ತರದ ಸ್ವಂತ ಮನೆ.

ಅಲ್ಲಿಯವರು ಗರಿಕೆಯನ್ನು ಬರ್ಮುಡಾ ಗ್ರಾಸ್ ಎನ್ನುತ್ತಾರೆ. ಹೆಸರು ಬರ್ಮುಡಾ ದ್ವೀಪದ್ದಾದರೂ ಹುಲ್ಲು ಆ ದ್ವೀಪದ್ದಲ್ಲ. ನಮ್ಮ ಕಡೆಯ ಭೂಖಂಡಗಳಿಂದ ಹೋಗಿ ಅಲ್ಲಿ ನೆಲೆ ನಿಂತದ್ದು. ಸಸ್ಯಶಾಸ್ತ್ರಜ್ಞರ ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು, ಸೈನೊಡಾನ್ ಡ್ಯಾಕ್ಟಿಲಾನ್. ಜಾರ್ಜಿಯಾದಲ್ಲಿ ಅದಕ್ಕೆ ದೊಡ್ಡ ಮರ್ಯಾದೆ. ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ತಮ್ಮ ಜೀವಮಾನದ ಬಹುಭಾಗವನ್ನು ಹುಲ್ಲಿನ ತಳಿಗಳಿಗೇ ಮುಡಿಪಾಗಿಟ್ಟರು. ದನಕರುಗಳ ಮೇವಿಗೆ ಒಂದು ಬಗೆಯ ಗರಿಕೆ, ಆಟದ ಮೈದಾನಕ್ಕೆ ಇನ್ನೊಂದು ಬಗೆ. 1960ರಲ್ಲಿ ಅವರು ಹೊರತಂದ ಟಿಫ್‌ವೇ ಎಂಬ ತಳಿ ಇವತ್ತಿಗೂ ಮನೆಗಳ ಅಂಗಳದಲ್ಲಿ, ಗಾಲ್ಫ್ ಮೈದಾನಗಳಲ್ಲಿ ಹಾಸಿಕೊಂಡಿದೆ. ಅದು ಬೀಜ ಕಟ್ಟುವುದಿಲ್ಲ. ಹಂಬು ತುಂಡು ಮಾಡಿ ನೆಡಬೇಕು, ಇಲ್ಲವೇ ಚಾಪೆಯಂತೆ ಸುರುಳಿ ಸುತ್ತಿ ತಂದು ಹಾಸಬೇಕು. ನಾವು ತುಳಿದುಕೊಂಡು ಓಡಾಡುವ ಹುಲ್ಲನ್ನು ಅವರು ಗಜದ ಲೆಕ್ಕದಲ್ಲಿ ಕೊಂಡು ತರುತ್ತಾರೆ ಎಂದಾಗ ನನ್ನ ಹೆಂಡತಿ ನಂಬಲೇ ಇಲ್ಲ. ಲಾರಿಯಲ್ಲಿ ಸುರುಳಿಗಳು ಬಂದಿಳಿಯುವುದನ್ನು ಪಕ್ಕದ ಮನೆಯಲ್ಲಿ ನೋಡಿದ ಮೇಲೆಯೇ ನಂಬಿಕೆ ಬಂದದ್ದು.

ಅಂಗಳದಲ್ಲಿ ಇದ್ದರೆ ಹುಲ್ಲುಹಾಸು, ಡೆಕ್ಕಿನ ಕೆಳಗೆ ಬಂದರೆ ಕಳೆ. ಹುಲ್ಲು ಕತ್ತರಿಸುವ ಯಂತ್ರ ಅಲ್ಲಿಗೆ ನುಗ್ಗುವುದಿಲ್ಲ. ಬಿಟ್ಟರೆ ಸಣಕಲಾಗಿ ಮೊಣಕಾಲೆತ್ತರ ಬೆಳೆಯುತ್ತದೆ. ಕಂಬದ ಬುಡ ಸದಾ ತೇವ. ತೇವ ಇದ್ದಲ್ಲಿ ಮರ ಮೆತ್ತಗಾಗುತ್ತದೆ, ಗೆದ್ದಲು ಬರುತ್ತದೆ. ಇನ್ನೂ ಒಂದಿದೆ. ಆ ರಾಜ್ಯದಲ್ಲಿ ಕಾಪರ್‌ಹೆಡ್ ಎಂಬ ವಿಷದ ಹಾವುಂಟು. ಒಣ ಎಲೆಯ ಬಣ್ಣ, ಒಣ ಎಲೆಯ ಮೇಲೆ ಮಲಗಿದರೆ ಕಾಣುವುದೇ ಇಲ್ಲ. ಕಪ್ಪು ಮೈಮೇಲೆ ಕೆಂಪು ಗುರುತಿರುವ ಬ್ಲ್ಯಾಕ್ ವಿಡೋ ಎಂಬ ಜೇಡವೂ ಇಂಥ ಕತ್ತಲ ಮೂಲೆಗಳನ್ನೇ ಹುಡುಕುತ್ತದೆ. ಮೊಮ್ಮಗನ ಚೆಂಡು ದಿನಕ್ಕೆ ನಾಲ್ಕು ಸಲ ಆ ಹುಲ್ಲಿನೊಳಗೆ ಹೋಗುತ್ತಿತ್ತು. ಅದರ ಹಿಂದೆ ಅವನೂ ಹೋಗುತ್ತಿದ್ದ. ಹುಲ್ಲು ತೆಗೆಸಲೇಬೇಕು ಎಂದು ಸೊಸೆ ಪಟ್ಟು ಹಿಡಿದದ್ದು ಇದಕ್ಕೆ.

ತೆಗೆಸುವುದು ಹೇಗೆ? ಸಲಹೆಗೆ ಬರವಿಲ್ಲ. ಬಲಗಡೆ ಮನೆಯವರು ವಿನಿಗರ್ ಸುರಿಯಿರಿ ಎಂದರು. ಅಡುಗೆಮನೆಯ ವಿನಿಗರಿನಲ್ಲಿ ಹುಳಿ ಅಂಶ ನೂರಕ್ಕೆ ಐದು. ಅದು ತಾಗಿದ ಎಲೆ ಸುಡುತ್ತದೆ ನಿಜ, ಬೇರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹದಿನೈದು ದಿನದಲ್ಲಿ ಮತ್ತೆ ಹಸಿರು. ನೂರಕ್ಕೆ 20ರ ವಿನಿಗರೂ ತೋಟದ ಅಂಗಡಿಯಲ್ಲಿ ಸಿಗುತ್ತದೆ. ಅದು ಕಣ್ಣಿಗೆ ಹಾರಿದರೆ ಆಸ್ಪತ್ರೆಯೇ ಗತಿ. ಬಗ್ಗಿಕೊಂಡು ತೆವಳುವ ಜಾಗದಲ್ಲಿ ಅದನ್ನು ಸಿಂಪಡಿಸುವ ಧೈರ್ಯ ಯಾರಿಗೂ ಬೇಡ. ಎಡಗಡೆಯವರು ಉಪ್ಪು ಹಾಕಿ ಎಂದರು. ಉಪ್ಪು ಹುಲ್ಲನ್ನು ಕೊಲ್ಲುತ್ತದೆ, ಜೊತೆಗೆ ಮಣ್ಣನ್ನೂ ಕೊಲ್ಲುತ್ತದೆ. ಮಳೆ ಬಂದರೆ ಕರಗಿ, ಚೆನ್ನಾಗಿರುವ ಹುಲ್ಲುಹಾಸಿಗೂ ಹರಿಯುತ್ತದೆ. ಕಂಬದ ಬುಡದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕುದಿಯುವ ನೀರು ಇನ್ನೊಂದು ಸಲಹೆ. ಅಂಗಳದ ಕಲ್ಲುಸಂದಿಗೆ ಅದು ಒಳ್ಳೆಯ ಉಪಾಯವೇ. ಆದರೆ ಕುದಿಯುವ ಪಾತ್ರೆ ಹಿಡಿದು ಮೂರು ಅಡಿ ಎತ್ತರದ ಸಂದಿನಲ್ಲಿ ಮಂಡಿಯೂರುವುದನ್ನು ಊಹಿಸಿಕೊಳ್ಳಿ.

ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿನಲ್ಲಿ ಬೇಯಿಸುವ ಕ್ರಮವೊಂದಿದೆ. ನಮ್ಮ ಕಡೆ ಸಸಿ ಮಡಿ ಮಾಡುವ ರೈತರಿಗೂ ಅದು ಗೊತ್ತು. ಬಟ್ಟ ಬಯಲಿನಲ್ಲಿ, ಬಿರುಬೇಸಿಗೆಯಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಡೆಕ್ಕಿನ ಕೆಳಗೆ ಬಿಸಿಲೇ ಇಲ್ಲದ ಮೇಲೆ ಬೇಯುವುದೇನು?

ಮಗನ ಮನಸ್ಸು ಔಷಧಿಯ ಕಡೆಗಿತ್ತು. ಹುಲ್ಲು ನೋಡಿಕೊಳ್ಳುವ ಗುತ್ತಿಗೆದಾರನೊಬ್ಬ ಬಂದು, ಅರ್ಧ ಗಂಟೆಯ ಕೆಲಸ, ಹೊಡೆದು ಹೋಗುತ್ತೇನೆ ಎಂದ. ಗ್ಲೈಫೋಸೇಟ್ ಎಂಬ ಕಳೆನಾಶಕ ಅದು. ನಮ್ಮ ರೈತರಿಗೂ ಪರಿಚಿತ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಹೇಳಿದಂತೆ ಬಳಸಿದರೆ ಹಾಗಾಗುವ ಸಂಭವವಿಲ್ಲ ಎಂದಿದೆ. ದೊಡ್ಡವರ ಈ ಜಗಳದಲ್ಲಿ ತೀರ್ಪು ಹೇಳುವಷ್ಟು ನಾನು ಓದಿದವನಲ್ಲ. ನನ್ನ ತಕರಾರು ಬೇರೆ, ಅದು ಬರೀ ಲೆಕ್ಕದ್ದು. ಈ ಔಷಧಿ ಹಸಿರೆಲೆಯ ಮೂಲಕ ಒಳಗಿಳಿದು ಬೇರಿಗೆ ಹೋಗಬೇಕು. ಡೆಕ್ಕಿನ ಕೆಳಗಿನ ಗರಿಕೆಗೆ ಎಲೆ ಇರುವುದೇ ನಾಲ್ಕು. ಹಾಗೂ ಅದು ಸತ್ತಿತು ಅನ್ನಿ. ಸುತ್ತ ಮೂರು ಕಡೆ ಅಂಗಳದಲ್ಲಿ ಅದರ ನೆಂಟರಿಷ್ಟರೆಲ್ಲ ಇದ್ದಾರಲ್ಲ, ಮುಂದಿನ ತಿಂಗಳು ಮತ್ತೆ ಒಳಗೆ ಬಂದರೆ? ಮತ್ತೆ ಅರ್ಧ ಗಂಟೆ, ಮತ್ತೆ ಬಿಲ್ಲು.

ಇಲ್ಲಿ ಗರಿಕೆಯ ಸ್ವಭಾವ ಸ್ವಲ್ಪ ಹೇಳಬೇಕು. ಅದು ಬಿಸಿಲಿನ ಮಗು. ದಿನಕ್ಕೆ ಆರೆಂಟು ಗಂಟೆ ನೇರ ಬಿಸಿಲು ಬಿದ್ದರೆ ಚಾಪೆಯಂತೆ ದಟ್ಟವಾಗುತ್ತದೆ, ಮರದ ನೆರಳು ಬಂದರೆ ತೆಳ್ಳಗಾಗಿ ಸೊರಗುತ್ತದೆ. ಹಾಗಿದ್ದರೆ ಡೆಕ್ಕಿನ ಕತ್ತಲಲ್ಲಿ ಹೇಗೆ ಬದುಕಿತು? ಈ ಪ್ರಶ್ನೆ ನನಗೆ ಮೂರು ದಿನ ನಿದ್ದೆ ಕೊಡಲಿಲ್ಲ ಎಂದರೆ ಉತ್ಪ್ರೇಕ್ಷೆ. ಮಧ್ಯಾಹ್ನದ ನಿದ್ದೆಯನ್ನಂತೂ ಕೊಡಲಿಲ್ಲ. ಒಂದು ಸಂಜೆ ಹನ್ನೆರಡು ವರ್ಷದ ಮೊಮ್ಮಗಳು ಟಾರ್ಚು ಹಿಡಿದುಕೊಂಡು ಒಂದು ಹಂಬಿನ ಜಾಡು ಹಿಡಿದಳು. ಕಂಬದ ಬುಡದಿಂದ ಹೊರಟ ಹಂಬು ಗಿಣ್ಣು ಗಿಣ್ಣಿಗೆ ಬೇರು ಬಿಟ್ಟುಕೊಂಡು ಏಳಡಿ ದೂರ ಸಾಗಿ, ಕೊನೆಗೆ ಹೊರಗಿನ ಬಿಸಿಲಿನ ಹುಲ್ಲುಹಾಸಿಗೆ ಸೇರಿತು. ಇನ್ನೊಂದನ್ನು ಹಿಡಿದರೂ ಅದೇ. ಒಳಗಿನ ಹುಲ್ಲು ತಾನೇ ದುಡಿದು ತಿನ್ನುತ್ತಿರಲಿಲ್ಲ. ಹೊರಗಿನ ತಾಯಿಗಿಡ ಬಿಸಿಲಿನಲ್ಲಿ ಅಡುಗೆ ಮಾಡಿ, ಹಂಬಿನ ಕೊಳವೆಯ ಮೂಲಕ ಒಳಗಿನ ಮಕ್ಕಳಿಗೆ ಊಟ ಕಳಿಸುತ್ತಿತ್ತು. ಕೆಲಸ ಸಿಗದ ಮಗನಿಗೆ ಅಪ್ಪ ತಿಂಗಳು ತಿಂಗಳು ಮನಿಯಾರ್ಡರ್ ಮಾಡಿದಂತೆ.

ಮೊಮ್ಮಕ್ಕಳಿಗೆ ಒಂದು ಪರೀಕ್ಷೆ ಮಾಡೋಣ ಎಂದೆ. ಆರು ಹಂಬುಗಳಿಗೆ ಕೆಂಪು ಉಲ್ಲನ್ ದಾರ ಕಟ್ಟಿದೆವು. ಮೂರನ್ನು ಡೆಕ್ಕಿನ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದೆವು, ಮೂರನ್ನು ಹಾಗೇ ಬಿಟ್ಟೆವು. ಮೊಮ್ಮಗಳು ದಿನಾಂಕ ಹಾಕಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಮೂರು ವಾರವಾದ ಮೇಲೆ ನೋಡಿದರೆ, ಕತ್ತರಿಸಿದ ಮೂರರಲ್ಲಿ ಎರಡು ಹಳದಿಯಾಗಿ ನೂಲಿನಂತಾಗಿದ್ದವು. ಮೂರನೆಯದು ಪಡುವಣ ಅಂಚಿನದು, ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬೀಳುವ ಕಡೆ. ಅದು ಇನ್ನೂ ಹಸಿರಾಗಿತ್ತು. ಕತ್ತರಿಸದೆ ಬಿಟ್ಟ ಮೂರೂ ಗೇಣುದ್ದ ಮುಂದೆ ಹೋಗಿದ್ದವು. ಒಳಗಿನದ್ದನ್ನು ಕೀಳುವುದು ಎರಡನೆಯ ಮಾತು, ಮೊದಲು ಅಂಚಿನಲ್ಲಿ ಮನಿಯಾರ್ಡರ್ ನಿಲ್ಲಿಸಬೇಕು ಎಂಬುದು ಮಗನಿಗೂ ಮನವರಿಕೆಯಾಯಿತು. ಮಕ್ಕಳ ನೋಟುಬುಕ್ಕು ಅವನ ಮೇಲೆ ಮಾಡಿದ ಪರಿಣಾಮವನ್ನು ನನ್ನ ಮಾತು ಮಾಡಿರಲಿಲ್ಲ.

ಅಷ್ಟಾದ ಮೇಲೂ ಅವನದೊಂದು ಯೋಚನೆ ಉಳಿದಿತ್ತು. ಬಾಡಿಗೆಗೆ ನೆಲ ಉಳುವ ಪುಟ್ಟ ಯಂತ್ರ ತಂದು, ಕೆಳಗಿನ ಮಣ್ಣನ್ನೆಲ್ಲ ಅಗೆದು ಹುಲ್ಲಿನ ಬೇರು ಜಾಲಿಸಿ ತೆಗೆದುಬಿಡುವುದು. ಗರಿಕೆಯ ವಿಷಯದಲ್ಲಿ ಇದರಷ್ಟು ಕೆಟ್ಟ ಯೋಚನೆ ಇನ್ನೊಂದಿಲ್ಲ. ಗರಿಕೆಗೆ ನೆಲದ ಮೇಲೆ ಒಂದು ಹಂಬು, ನೆಲದೊಳಗೆ ಬಿಳಿಯ ಬೇರುಕಾಂಡ. ಮೇಲಿನದು ಚಾಲ್ತಿ ಖಾತೆ ಇದ್ದಂತೆ, ಒಳಗಿನದು ಠೇವಣಿ. ಆ ಠೇವಣಿಯ ಬಹುಪಾಲು ಮೇಲಿನ ಅರ್ಧ ಅಡಿ ಮಣ್ಣಿನಲ್ಲೇ ಇರುತ್ತದೆ. ಯಂತ್ರ ಓಡಿಸಿದರೆ ಒಂದು ಕಾಂಡ ಇಪ್ಪತ್ತು ತುಂಡಾಗುತ್ತದೆ, ಗಿಣ್ಣಿರುವ ಪ್ರತಿ ತುಂಡೂ ಒಂದೊಂದು ಗಿಡ. ಟಿಫ್ಟನ್ನಿನವರು ಬೇಕೆಂದೇ ತುಂಡು ಮಾಡಿ ನೆಡುತ್ತಿದ್ದುದೂ ಇದೇ ಗುಣಕ್ಕಾಗಿ.

ಅಗೆಯಬಾರದೆನ್ನಲು ಇದಕ್ಕಿಂತ ದೊಡ್ಡ ಕಾರಣ ಮನೆಯ ಕಾಗದಪತ್ರಗಳಲ್ಲಿ ಸಿಕ್ಕಿತು. ಕಾಗದ ಕಂಡರೆ ಕೊನೆಯ ಪುಟದವರೆಗೂ ಓದುವುದು ನನ್ನ ಹಳೆಯ ಚಾಳಿ. ಮಗ ಈ ಮನೆಯನ್ನು ಹಳೆಯ ಮಾಲೀಕರಿಂದ ಕೊಂಡದ್ದು. ಡೆಕ್ಕು ಕಟ್ಟಿದ್ದು 1997ರಲ್ಲಿ. 2003ರ ಕೊನೆಯವರೆಗೂ ಅಮೆರಿಕದಲ್ಲಿ ಮನೆಗಳ ಡೆಕ್ಕು, ಬೇಲಿ, ಮಕ್ಕಳ ಜೋಕಾಲಿ ಎಲ್ಲಕ್ಕೂ ಬಳಸುತ್ತಿದ್ದ ಮರಕ್ಕೆ ಹುಳ ಹಿಡಿಯದಿರಲೆಂದು ಒಂದು ದ್ರಾವಣವನ್ನು ಒತ್ತಡದಿಂದ ತುಂಬಿಸುತ್ತಿದ್ದರು. ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಮೂರೂ ಸೇರಿದ ದ್ರಾವಣ. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದುದು ಅದರದೇ ರೂಪ. 2004ರಿಂದ ಮನೆಬಳಕೆಯ ಮರಕ್ಕೆ ಅದನ್ನು ತುಂಬುವುದು ನಿಂತಿತು. ಆದರೆ ಅದಕ್ಕೆ ಮುಂಚೆ ಕಟ್ಟಿದ ಡೆಕ್ಕುಗಳು ಇನ್ನೂ ಎಷ್ಟೋ ಇವೆ. ವರ್ಷಾನುಗಟ್ಟಲೆ ಮಳೆ ಬಿದ್ದು, ಆ ಮರದಿಂದ ಅಷ್ಟಷ್ಟೇ ಆರ್ಸೆನಿಕ್ ತೊಳೆದು ಕೆಳಗಿನ ಮಣ್ಣಿಗೆ ಇಳಿಯುತ್ತದೆ.

ಕೆಳಗಿನ ಆ ಮಣ್ಣಿನಲ್ಲಿ ನಮ್ಮ ಮೊಮ್ಮಗ ಚಮಚದಿಂದ ತೋಡಿ ಆಟದ ಕಾರಿಗೆ ರಸ್ತೆ ಮಾಡುತ್ತಿದ್ದ. ಜಾರ್ಜಿಯಾದ ಮಣ್ಣು ನಮ್ಮ ಕೋಲಾರದ ಕಡೆಯ ಕೆಮ್ಮಣ್ಣಿನಂತೆಯೇ, ಉಂಡೆ ಕಟ್ಟಲು ಬಹಳ ಚೆನ್ನ. ಅದೇ ಕೈಯಲ್ಲಿ ಬಿಸ್ಕತ್ತು.

ಆ ರಾತ್ರಿ ಯಾರೂ ಹುಲ್ಲಿನ ಮಾತೆತ್ತಲಿಲ್ಲ. ಸೊಸೆ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆಗಳನ್ನು ಹುಡುಕಿ ಓದಿದಳು. ಗಾಬರಿಯಾಗಿ ಡೆಕ್ಕನ್ನೇ ಕಿತ್ತೊಗೆಯಿರಿ ಎಂದು ಅದರಲ್ಲಿಲ್ಲ. ಮರ ಮುಟ್ಟಿ ಆಡಿದ ಮಕ್ಕಳು ಕೈ ತೊಳೆಯಬೇಕು, ತಿಂಡಿಯನ್ನು ನೇರ ಹಲಗೆಯ ಮೇಲಿಟ್ಟು ತಿನ್ನಬಾರದು, ಹಳೆಯ ಮರದ ತುಂಡನ್ನು ಯಾವ ಕಾರಣಕ್ಕೂ ಸುಡಬಾರದು. ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ವಿಷ. ಮರದ ಮೇಲೆ ಒಂದೆರಡು ವರ್ಷಕ್ಕೊಮ್ಮೆ ನೀರು ಹೀರದ ಲೇಪ ಹಚ್ಚುತ್ತಿದ್ದರೆ ಸೋರುವುದು ಕಡಿಮೆಯಾಗುತ್ತದೆ. ಬುಡದ ಮಣ್ಣಿನಲ್ಲಿ ತರಕಾರಿ ಬೆಳೆಯುವುದಂತೂ ಬೇಡವೇ ಬೇಡ. ಮಣ್ಣಿನ ಮಾದರಿ ಒಯ್ದು ಕೊಟ್ಟರೆ ಪರೀಕ್ಷೆ ಮಾಡಿಸಿಕೊಡುವ ವಿಸ್ತರಣಾ ಕಚೇರಿಗಳು ಅಲ್ಲಿ ಜಿಲ್ಲೆ ಜಿಲ್ಲೆಗೂ ಇವೆ, ನಮ್ಮ ಕೃಷಿ ವಿಜ್ಞಾನ ಕೇಂದ್ರಗಳ ಹಾಗೆ. ಅದನ್ನೂ ಮಾಡಿಸುವುದೆಂದಾಯಿತು. ಫಲಿತಾಂಶ ಏನೇ ಬರಲಿ, ಮಣ್ಣನ್ನು ಕೆದಕದೆ ಮುಚ್ಚಿಬಿಡುವುದು ಎಂದು ಮನೆಯವರೆಲ್ಲ ಒಪ್ಪಿದರು. ಒಂದೇ ಹೊದಿಕೆಯಿಂದ ಹುಲ್ಲಿಗೆ ಬೆಳಕೂ ಇಲ್ಲ, ಹುಡುಗನ ಕೈಗೆ ಮಣ್ಣೂ ಇಲ್ಲ.

ಯಾವ ಹೊದಿಕೆ ಎಂಬುದಕ್ಕೆ ಇನ್ನೊಂದು ಚರ್ಚೆ. ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿ, ಮೇಲೆ ಮರದ ಚಕ್ಕೆ ಹರಡುವುದು ತೋಟದವರ ಮೆಚ್ಚಿನ ವಿಧಾನ. ಹೂವಿನ ಪಾತಿಗೆ ಅದು ಚಿನ್ನದಂಥದ್ದು. ಮನೆಯ ಗೋಡೆಗೂ ಡೆಕ್ಕಿನ ಕಂಬಕ್ಕೂ ತಾಗಿಕೊಂಡು ಮಾತ್ರ ಸಲ್ಲದು; ಜಾರ್ಜಿಯಾದ ಗೆದ್ದಲಿಗೆ ರಟ್ಟು, ಚಕ್ಕೆ ಎರಡೂ ಬಾಳೆಎಲೆ ಹಾಕಿ ಬಡಿಸಿದ ಹಾಗೆ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸಂದಿನಿಂದ ಇಳಿದ ನೀರು ಮಡುಗಟ್ಟಿ ಸೊಳ್ಳೆ ಸಾಕಿದಂತಾಗುತ್ತದೆ. ಕೊನೆಗೆ ಉಳಿದದ್ದು ನೀರು ಬಸಿಯುವ, ಬೆಳಕು ಬಿಡದ ನೇಯ್ದ ಬಟ್ಟೆ. ಅದರ ಮೇಲೆ ಮೂರಂಗುಲ ಜಲ್ಲಿ.

ಮಕ್ಕಳೇ, ಇಲ್ಲಿಂದ ನಿಮ್ಮ ಲೆಕ್ಕದ ಪುಸ್ತಕ ತೆಗೆಯಿರಿ. ಬಟ್ಟೆಯ ಸುರುಳಿ ಮೂರಡಿ ಅಗಲ. ಪಟ್ಟಿಗೆ ಪಟ್ಟಿ ಅರ್ಧ ಅಡಿ ಹತ್ತಿಸಿ ಹಾಸಬೇಕು, ಇಲ್ಲದಿದ್ದರೆ ಹುಲ್ಲು ಆ ಸಂದನ್ನೇ ಬಾಗಿಲು ಮಾಡಿಕೊಳ್ಳುತ್ತದೆ. ಐದು ಪಟ್ಟಿ ಹಾಸಿದರೆ 15 ಅಡಿ. ನಾಲ್ಕು ಕಡೆ ಅರ್ಧರ್ಧ ಅಡಿ ಮೇಲೆ ಬಿದ್ದದ್ದು ಎರಡಡಿ ಕಳೆದರೆ 13. ಡೆಕ್ಕಿನ ಅಗಲ 12. ಉಳಿದ ಒಂದಡಿ ಹೊರಗಡೆಗೆ ಚಾಚಿಕೊಳ್ಳಲು ಬೇಕೇ ಬೇಕು. ಉದ್ದ 16 ಅಡಿ, ಎರಡು ಕಡೆ ಒಂದೊಂದಡಿ ಹೆಚ್ಚು ಬಿಟ್ಟು 18. ಐದು ಹದಿನೆಂಟಲೆ 90 ಅಡಿ. ನೂರಡಿಯ ಒಂದು ಸುರುಳಿ ತಂದರೆ ಹತ್ತಡಿ ಮಿಕ್ಕಿತು, ಕಂಬದ ಬುಡಕ್ಕೆ ತೇಪೆ ಹಾಕಲು ಆಯಿತು.

ಜಲ್ಲಿಯ ಲೆಕ್ಕ ಇನ್ನೂ ಸೊಗಸು. ಹದಿನಾರು ಹನ್ನೆರಡಲೆ 192 ಚದರಡಿ. ಮೂರಂಗುಲ ಎಂದರೆ ಕಾಲು ಅಡಿ. ಗುಣಿಸಿದರೆ 48 ಘನ ಅಡಿ. ಅಂಗಡಿಯ ಚೀಲದಲ್ಲಿ ಇರುವುದು ಅರ್ಧ ಘನ ಅಡಿ, ಅಂದರೆ 96 ಚೀಲ! ಒಟ್ಟು ತೂಕ ಎರಡು ಟನ್ನಿಗೂ ಮೇಲೆ. ಮಗ ನಾಲ್ಕು ಚೀಲ ಸಾಕಾಗಬಹುದು ಎಂದು ಕಾರು ತೆಗೆದಿದ್ದ. ಲೆಕ್ಕ ನೋಡಿ ಕಾರು ಒಳಗಿಟ್ಟ. ಇಷ್ಟಾದರೆ ಲಾರಿಯಲ್ಲಿ ಸಡಿಲವಾಗಿ ತರಿಸುವುದೇ ಅಗ್ಗ. ಅವರು ಅಳೆಯುವುದು ಘನ ಗಜದಲ್ಲಿ. ಒಂದು ಘನ ಗಜಕ್ಕೆ 27 ಘನ ಅಡಿ. ಎರಡು ಗಜ ತರಿಸಿದರೆ ಸರಿಹೋಗಿ ಸ್ವಲ್ಪ ಉಳಿಯುತ್ತದೆ.

ಅಗೆಯುವ ಮುಂಚೆ ಅಲ್ಲಿ ಒಂದು ಶಾಸ್ತ್ರವಿದೆ, ಅದು ನನಗೆ ಬಹಳ ಹಿಡಿಸಿತು. ಹಿತ್ತಲಿನಲ್ಲಿ ಒಂದು ಗುಂಡಿ ತೋಡುವುದಾದರೂ ಕೆಲವು ದಿನ ಮುಂಚೆ 811ಕ್ಕೆ ಫೋನು ಮಾಡಬೇಕು. ಹಣ ಕೊಡಬೇಕಾಗಿಲ್ಲ. ಆಳುಗಳು ಬಂದು ನೆಲದಡಿಯ ಕೊಳವೆ, ತಂತಿಗಳು ಎಲ್ಲೆಲ್ಲಿ ಹಾದಿವೆ ಎಂದು ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು, ಪುಟ್ಟ ಬಾವುಟ ಚುಚ್ಚಿ ಹೋಗುತ್ತಾರೆ. ಕೆಂಪು ವಿದ್ಯುತ್ತಿಗೆ, ಹಳದಿ ಅಡುಗೆ ಅನಿಲಕ್ಕೆ, ಕಿತ್ತಳೆ ಬಣ್ಣ ಫೋನು ಟೀವಿ ತಂತಿಗೆ, ನೀಲಿ ಕುಡಿಯುವ ನೀರಿಗೆ, ಹಸಿರು ಚರಂಡಿಗೆ. ನಮ್ಮ ಹಿತ್ತಲು ಎರಡು ದಿನ ರಂಗೋಲಿ ಸ್ಪರ್ಧೆಯ ಹಾಗಿತ್ತು. ನಮ್ಮ ಊರುಗಳಲ್ಲಿ ಒಬ್ಬರು ರಸ್ತೆ ಮಾಡಿ ಹೋದ ವಾರವೇ ಇನ್ನೊಬ್ಬರು ಬಂದು ಅಗೆದು ನೀರಿನ ಪೈಪು ಒಡೆಯುವುದನ್ನು ಕಂಡವನಿಗೆ ಆ ಬಾವುಟಗಳನ್ನು ಕಿತ್ತು ಊರಿಗೆ ತರೋಣ ಎನ್ನಿಸಿದರೆ ಆಶ್ಚರ್ಯವಿಲ್ಲ. ಡೆಕ್ಕಿನ ಬಲಮೂಲೆಯಿಂದ ಎರಡಡಿ ದೂರದಲ್ಲಿ ಹಳದಿ ಗೆರೆ ಇತ್ತು. ಅಲ್ಲಿ ಸಲಿಕೆ ಬಿಟ್ಟು ಕೈಯಿಂದಲೇ ಕೆಲಸ ಮಾಡಿದರು.

ಇನ್ನು ಕಂದಕ. ಕೋಟೆಯ ಸುತ್ತ ಇರುತ್ತದಲ್ಲ, ಅದರ ಮರಿ. ಗೋಡೆಯ ಕಡೆ ಬೇಡ. ಉಳಿದ ಮೂರು ಬದಿಗೆ ಸುಮಾರು 40 ಅಡಿ. ಡೆಕ್ಕಿನ ಅಂಚಿನಿಂದ ಒಂದಡಿ ಹೊರಗೆ, ಒಂದು ಸಲಿಕೆಯ ಅಗಲ, ಎಂಟು ಅಂಗುಲ ಆಳ. ಕೆಳಗಿನ ಬೇರುಕಾಂಡಗಳೆಲ್ಲ ಅಲ್ಲಿ ತುಂಡಾಗುತ್ತವೆ. ಕಂದಕದ ಒಳಬದಿಗೆ ಬಟ್ಟೆಯ ಅಂಚನ್ನು ಇಳಿಸಿ, ಅದಕ್ಕೆ ತಾಗಿ ತಗಡಿನ ಪಟ್ಟಿ ನಿಲ್ಲಿಸಿದರು. ಪಟ್ಟಿಯ ತುದಿ ನೆಲದಿಂದ ಒಂದಂಗುಲ ಮೇಲೆ. ತೋಡಿದಾಗ ಬಂದ ಹುಲ್ಲಿನ ತುಂಡುಗಳನ್ನು ಒಂದೂ ಬಿಡದೆ ಚೀಲಕ್ಕೆ ತುಂಬಿದ್ದು ಮೊಮ್ಮಗಳು. ಗೊಬ್ಬರದ ಗುಂಡಿಗೆ ಹಾಕಿದ್ದರೆ ಅಲ್ಲೇ ಹೊಸ ಸಂಸಾರ ಹೂಡುತ್ತಿದ್ದವು.

ಡೆಕ್ಕಿನ ಒಳಗೆ ಹೋಗುವ ಕೆಲಸ ಮಗನದು, ಪಕ್ಕದ ಬೀದಿಯ ಕಾಲೇಜು ಹುಡುಗನೊಬ್ಬನದು. ಮೊದಲು ಉದ್ದ ಕೋಲಿನಿಂದ ಬಡಿದು, ಟಾರ್ಚು ಹಾಕಿ ಮೂಲೆ ಮೂಲೆ ನೋಡಿದರು. ಹಾವು ಇರಲಿಲ್ಲ; ಒಂದು ಕಪ್ಪೆ, ಏಳು ಚೆಂಡು. ಧೂಳೇಳದಿರಲೆಂದು ಮಣ್ಣಿಗೆ ನೀರು ಚಿಮುಕಿಸಿ, ದಪ್ಪ ಕೈಗವಸು ಹಾಕಿ, ಬೆಳೆದ ಹುಲ್ಲನ್ನು ನೆಲದ ಮಟ್ಟಕ್ಕೆ ಕತ್ತರಿಸಿದರಷ್ಟೆ, ಕೀಳಲಿಲ್ಲ. ನೆಲದ ಇಳಿಜಾರು ಗೋಡೆಯಿಂದ ಹೊರಕ್ಕೇ ಇದೆಯೇ ಎಂದು ನೋಡಿದರು. ಹತ್ತಡಿಗೆ ಅರ್ಧ ಅಡಿಯಾದರೂ ಇಳಿಜಾರು ಬೇಕು ಎಂಬುದು ಅಲ್ಲಿಯ ಕಟ್ಟಡದ ನಿಯಮ. ಬಟ್ಟೆ ಹಾಸಿ, ಕಂಬ ಬಂದಲ್ಲಿ ಕತ್ತರಿ ಹಾಕಿ ಸುತ್ತಿ, ಕಬ್ಬಿಣದ ಮೊಳೆಕೊಂಡಿ ಹೊಡೆದರು. ಆಮೇಲೆ ತಳ್ಳುಗಾಡಿ. ಒಂದೂವರೆ ದಿನ ಜಲ್ಲಿ ಎಳೆದರು. ನನ್ನ ಮೊಣಕಾಲಿಗೆ ಒಳಗೆ ಹೋಗುವ ಪರವಾನಗಿ ಇಲ್ಲವಾದ್ದರಿಂದ ನಾನು ಗಾಡಿ ಎಣಿಸಿದೆ. ಜಲ್ಲಿ ಬಿದ್ದ ಸದ್ದು ನಿಂತ ಮೇಲೆ ಎಲ್ಲರ ಕೈಕಾಲು, ಬೂಟು ಹೊರಗಿನ ನಲ್ಲಿಯಲ್ಲೇ ತೊಳೆಸಿ ಸೊಸೆ ಒಳಗೆ ಬಿಟ್ಟಳು.

ಇಷ್ಟಕ್ಕೆ ಮುಗಿಯಿತೇ? ಇಲ್ಲ. ಗರಿಕೆಯ ಹಂಬು ತಗಡಿನ ಮೇಲೆ ಹತ್ತಿ ಜಲ್ಲಿಗೆ ಇಳಿಯುತ್ತದೆ. ಆದರೆ ಬಿಳಿ ಜಲ್ಲಿಯ ಮೇಲೆ ಹಸಿರು ಹಂಬು ಕಾಣದೆ ಇರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅಂಚು ಸುತ್ತಿ ಕತ್ತರಿ ಹಾಕಿದರೆ ಆಯಿತು. ಹತ್ತು ನಿಮಿಷದ ಕೆಲಸ. ಅದನ್ನು ಮೊಮ್ಮಗನಿಗೆ ಒಪ್ಪಿಸಿದೆವು, ಒಂದು ಸುತ್ತಿಗೆ ಕಾಲು ಡಾಲರ್ ಸಂಬಳ. ಚಳಿಗಾಲದಲ್ಲಿ ಅಲ್ಲಿಯ ಗರಿಕೆ ಪೂರಾ ಕಂದು ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಸತ್ತಿತು ಎನ್ನುತ್ತಾರೆ. ಸತ್ತಿರುವುದಿಲ್ಲ, ಮಲಗಿರುತ್ತದೆ, ಏಪ್ರಿಲ್ ಬಂತೆಂದರೆ ಎದ್ದು ಕೂರುತ್ತದೆ. ಆದ್ದರಿಂದ ಡಿಸೆಂಬರಿನಲ್ಲಿ ಯಾರೂ ಲೆಕ್ಕ ಮುಗಿಸಬಾರದು.

ಆಗಸ್ಟಿನಲ್ಲಿ ಬಟ್ಟೆಯನ್ನೇ ತೂತು ಮಾಡಿ ಒಂದು ಹಸಿರು ಮೊನೆ ಮೇಲೆ ಬಂತು. ಇದು ಗರಿಕೆ ಇರಲಾರದು ಎನ್ನಿಸಿತು. ಕಾಂಡ ಕಿತ್ತು ಬೆರಳ ನಡುವೆ ಉರುಳಿಸು ಎಂದೆ. ಮೊಮ್ಮಗಳು ಉರುಳಿಸಿದಳು, ಉರುಳಲಿಲ್ಲ, ಮೂರು ಮೂಲೆ ಕೈಗೆ ಒತ್ತಿತು. ಕಾಂಡ ದುಂಡಗಿದ್ದರೆ ಹುಲ್ಲು, ಮೂರು ಮೂಲೆಯಿದ್ದರೆ ಜೇಕು, ಅಂದರೆ ಕೊನ್ನಾರಿ. ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಕೊಡುವ ಘಮಘಮ ಗಡ್ಡೆ ಇದೇ ಕುಲದ ಒಂದು ಗಿಡದ್ದು. ಪ್ರಪಂಚದ ಅತ್ಯಂತ ಕೆಟ್ಟ ಕಳೆಗಳೆಂದು 1977ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞರು ಮಾಡಿದ ಪಟ್ಟಿಯಲ್ಲಿ ಭದ್ರಮುಷ್ಟಿಯ ಗಿಡಕ್ಕೆ ಮೊದಲ ಸ್ಥಾನ, ಗರಿಕೆಗೆ ಎರಡನೆಯದು. ಒಂದು ಔಷಧಿಗೆ, ಒಂದು ದೇವರಿಗೆ. ನಮ್ಮವರ ಆಯ್ಕೆ ನೋಡಿ! ಜೇಕಿನ ಮೊನೆಯನ್ನು ಎಳೆಯದಾಗಿದ್ದಾಗಲೇ, ಗಡ್ಡೆ ಕೂಡಿಡುವ ಮುಂಚೆ, ಮತ್ತೆ ಮತ್ತೆ ಚಿವುಟುತ್ತಿರಬೇಕು. ಬೇರೆ ಉಪಾಯವಿಲ್ಲ.

ಡೆಕ್ಕು ಇಲ್ಲದ ನಾವು ಇದನ್ನೆಲ್ಲ ಕಟ್ಟಿಕೊಂಡು ಏನು ಮಾಡುವುದು ಎನ್ನಬೇಡಿ. ಕಾಂಪೌಂಡಿನ ಕಲ್ಲುಬೆಂಚಿನ ಕೆಳಗೆ, ನೀರಿನ ಸಿಂಟೆಕ್ಸ್ ಕಟ್ಟೆಯ ಅಡಿಯಲ್ಲಿ, ಮೆಟ್ಟಿಲ ಸಂದಿನಲ್ಲಿ ಬೆಳೆಯುವ ಗರಿಕೆಯೂ ಹೀಗೆಯೇ ಹೊರಗಿನ ಬಿಸಿಲಿನಿಂದ ಊಟ ತರಿಸಿಕೊಳ್ಳುತ್ತಿರುತ್ತದೆ. ನೆರಳಿನಲ್ಲಿ ಕೂತು ಒಂದೊಂದೇ ಎಳೆ ಕೀಳುವ ಮುಂಚೆ ಹಂಬಿನ ಜಾಡು ಹಿಡಿದು ಬಿಸಿಲಿನ ಅಂಚಿಗೆ ಬನ್ನಿ, ಅಲ್ಲಿ ಗುದ್ದಲಿ ಹಾಕಿ. ಪಾರ್ಥೇನಿಯಂ ಇದ್ದರೆ ಮಾತ್ರ ಅದಕ್ಕೆ ಬೇರೆ ದಾರಿ: ಹೂ ಬಿಡುವ ಮುಂಚೆ, ಕೈಗವಸು ಹಾಕಿಕೊಂಡು, ಬೇರು ಸಮೇತ ಕೀಳುವುದು. ಮಕ್ಕಳಿಂದ ಅದನ್ನು ಮುಟ್ಟಿಸಬೇಡಿ. ಮಗಳ ಮನೆಗೋ ಮಗನ ಮನೆಗೋ ಅಮೆರಿಕಕ್ಕೆ ಹೊರಟಿರುವ ಅಜ್ಜ ಅಜ್ಜಿಯರು, ಅಲ್ಲಿಯ ಡೆಕ್ಕು ಯಾವ ಇಸವಿಯದು ಎಂದು ಒಮ್ಮೆ ಕೇಳಿ. 2004ಕ್ಕಿಂತ ಹಿಂದಿನದಾದರೆ, ಅದರ ಬುಡದಲ್ಲಿ ಮೆಂತ್ಯ ಸೊಪ್ಪು ಕೊತ್ತಂಬರಿ ಬಿತ್ತುವ ಆಸೆ ಬಿಟ್ಟು ಕುಂಡದಲ್ಲಿ ಬೆಳೆಯಿರಿ.

ಈ ವಾರದ ಲೆಕ್ಕ: ಪಕ್ಕದ ಮನೆಯವರ ಡೆಕ್ಕು 14 ಅಡಿ ಉದ್ದ, 10 ಅಡಿ ಅಗಲ. ಅವರಿಗೂ ಮೂರಂಗುಲ ಜಲ್ಲಿಯೇ ಬೇಕಂತೆ. ಅರ್ಧ ಘನ ಅಡಿಯ ಚೀಲ ಎಷ್ಟು ತರಬೇಕು? ಬಾಯಲ್ಲೇ ಲೆಕ್ಕ ಮಾಡಿ, ಉತ್ತರ ಮುಂದಿನ ಸಂಚಿಕೆಯಲ್ಲಿ.